ವಿಮಾ ಮಾವಶಿ ಮತ್ತು ಕರಗಿದ ಕಲ್ಲು

ಮೊದಲು ಬಳೆಗಳ ಸದ್ದು ಬರುತ್ತಿತ್ತು, ಆಮೇಲೆ ಬೈಗುಳ, ಕೊನೆಗೆ ಮಾವಶಿ. ಎರಡೂ ಕೈತುಂಬ ಹಸಿರು ಗಾಜಿನ ಬಳೆ. ಬಲಗೈಯ ನಡುಬೆರಳನ್ನು ಮಡಚಿ, ಅದರ ಗೆಣ್ಣಿನಿಂದ ದಾರಿಯಲ್ಲಿ ಸಿಕ್ಕ ಗಾಡಿಯ ತಗಡನ್ನೆಲ್ಲ ಬಡಿದು ನೋಡುವುದು ಅವರ ಚಟ. ಕಲ್ಲಂಗಡಿ ಕೊಳ್ಳುವವರು ಬಡಿದು ಕಿವಿಗೊಡುತ್ತಾರಲ್ಲ, ಹಾಗೆ. ಬಡಿದು ಬಡಿದು ಆ ಗೆಣ್ಣಿನ ಚರ್ಮ ದಪ್ಪಗಟ್ಟಿ ಕಪ್ಪು ಗಂಟಾಗಿತ್ತು. ಬಡಿದಾದ ಮೇಲೆ ಒಂದೋ "ಗಟ್ಟಿ ಐತಿ" ಅನ್ನುತ್ತಿದ್ದರು, ಇಲ್ಲವೇ "ಪೊಳ್ಳ ಐತಿ". ಮೂರನೆಯ ಮಾತಿಲ್ಲ. ಮನುಷ್ಯರ ಬಗ್ಗೆಯೂ ಅವರ ಹತ್ತಿರ ಇವೆರಡೇ ತೀರ್ಪು ಇದ್ದವು.

ವಿಜಯಪುರದ ಸಿದ್ಧೇಶ್ವರ ಗುಡಿಯ ಹಿಂದಿನ ಓಣಿಯಲ್ಲಿ ಅವರ ಮನೆ, ನಮ್ಮ ಮನೆಗೆ ಎದುರಾ ಬದರಾ. ವಿಮೆಯ ಏಜೆಂಟ್ ಕೆಲಸ ಮಾಡುತ್ತಿದ್ದರು. ಹಾಗಾಗಿ ಇಡೀ ಓಣಿಗೆ ಅವರು ವಿಮಾ ಮಾವಶಿ, ವಿಮೆಯ ಚಿಕ್ಕಮ್ಮ. ಗಂಡ ತೀರಿಕೊಂಡಾಗ ಬಳೆ ತೆಗೆಸಲು ಬಂದ ಹೆಂಗಸರಿಗೆ, "ಇವಕ್ಕೂ ವಿಮಾ ಮಾಡಿಸೀನಿ, ಕೈ ಹಚ್ಚಿದ್ರ ನೋಡ್ರಿ ಮತ್ತ" ಎಂದು ಹೆದರಿಸಿ ಓಡಿಸಿದ್ದರಂತೆ. ಇದನ್ನು ನನಗೆ ಹೇಳಿದವರು ಆ ಹೆಂಗಸರಲ್ಲೇ ಒಬ್ಬರು. ಹೇಳುವಾಗ ಅವರಿಗೂ ನಗು ತಡೆಯಲಿಲ್ಲ.

ನಾನು ತಿಕೋಟಾದ ದ್ರಾಕ್ಷಿ ತೋಟದ ಮನೆಯಿಂದ ಈ ಓಣಿಗೆ ಸೊಸೆಯಾಗಿ ಬಂದವಳು. ನಮ್ಮ ಮನೆಯವರು ಬೇರೆಯವರ ಗಾಡಿ ಓಡಿಸಿ ಓಡಿಸಿ ಬೇಸತ್ತಿದ್ದರು. ನಾನೇ ಹಟ ಹಿಡಿದು, ತವರಿನಲ್ಲಿ ಹಾಕಿದ್ದ ಬಂಗಾರವನ್ನೆಲ್ಲ ಮಾರಿ ಒಂದು ಹಳೇ ದೊಡ್ಡ ವ್ಯಾನು ಕೊಂಡೆ. ಸೀಟು ಕಿತ್ತು ಒಳಗೆ ಎರಡು ಹಾಸಿಗೆ, ಗ್ಯಾಸಿನ ಒಲೆ, ನೀರಿನ ಟಾಕಿ ಕೂಡಿಸಿದೆವು. ಮೇಲಿನ ತಗಡು ಕೊಯ್ದು, ನಿಂತರೆ ತಲೆ ತಾಗದಂತೆ ಎತ್ತರದ ಫೈಬರ್ ಟಾಪು ಹಾಕಿಸಿ, ಅದರ ಮೇಲೆ ಸೋಲಾರ್ ಇಟ್ಟೆವು. ಗೋಳಗುಮ್ಮಟ ನೋಡಲು ಬಂದವರು ಹಾಗೆಯೇ ನಾಲ್ಕು ದಿನ ಸುತ್ತಾಡಲಿ ಎಂದು ಬಾಡಿಗೆಗೆ ಕೊಡುವ ಗಾಡಿ. ಕ್ಯಾಂಪರ್ ವ್ಯಾನ್ ಎಂದು ನಾವು ಬರೆಸಿದೆವು, ಓಣಿಯವರು ಮನಿಗಾಡಿ ಅಂದರು. ಕೈಯಲ್ಲಿದ್ದದ್ದೆಲ್ಲ ಅದರೊಳಗೆ ಹೋಗಿತ್ತು. ಅದು ನಿಂತರೆ ನಾವೂ ನಿಂತೆವು.

ಮಾವಶಿ ಬಂದು ಸುತ್ತಲೂ ಬಡಿದರು. ಬಾಗಿಲಿನಿಂದ ಒಳಗೆ ಇಣುಕಿ ಮೂಗು ಮುರಿದರು.

"ಮನಿ ಇದ್ದವರು ಗಾಡ್ಯಾಗ ಯಾಕ ಮಲಗ್ತಾರಬೇ?"

"ಹೌಸಿಗೆ, ಮೋಜಿಗೆ ಮಲಗ್ತಾರ್ರಿ ಮಾವಶಿ."

"ಎಂಥಾ ಹೌಸೋ ಏನೋ. ಇರ್ಲಿ. ವಿಮಾ?"

"ಗಾಡಿಗೆ ಮಾಡಿಸೀವ್ರಿ."

"ಗಾಡಿಗೆ ಮಾಡಿಸೀರಿ. ಈ ಟಾಪಿಗೆ? ಹಾಸಿಗಿಗೆ? ಒಲಿಗೆ? ಮ್ಯಾಲ ಕುಂತ ಸೋಲಾರಕ್ಕ? ಬಾಡಿಗಿಗೆ ಕೊಡೂ ಗಾಡಿ ಅಂತ ಹೇಳೀರಿಲ್ಲೋ? ಬಾಯಿ ಬಿಟ್ಟ ಹೇಳದಿದ್ರ ಕಂಪನಿಯವರಿಗೆ ಏನ್ ಕನಸ ಬೀಳ್ತೈತೇನ?"

ನನಗೆ ಸಿಟ್ಟು ಬಂತು. ನನಗೆ ಸಿಟ್ಟು ಬರಲು ದೊಡ್ಡ ಕಾರಣವೇನೂ ಬೇಡ. "ನಮ್ಮ ಕಡೆ ಮಳಿನಽ ಇಲ್ಲ, ಮಳಿ ಗಾಳಿ ವಿಮಾ ತಗೊಂಡ ಏನ್ ಮಾಡ್ಲ್ರಿ?" ಎಂದೆ.

"ಮಳಿ ಬರೂದಿಲ್ಲ ಖರೆ. ಆಣಿಕಲ್ಲ ಬರ್ತಾವಲ್ಲ. ದ್ರಾಕ್ಷಿ ಊರಾಗ ಹುಟ್ಟಿ ಇಷ್ಟೂ ಗೊತ್ತಿಲ್ಲೇನಬೇ ನಿನಗ?"

ಗೊತ್ತಿತ್ತು. ದ್ರಾಕ್ಷಿ ಕೊಯ್ಲಿನ ಬಿಸಿಲಲ್ಲಿ ಮಧ್ಯಾಹ್ನದ ಮೇಲೆ ಮೋಡ ಕಟ್ಟಿದರೆ, ಮಂಜಿನ ಗಡ್ಡೆ ಸುರಿದು ಗೊನೆ ಜಜ್ಜೀತೆಂದು ನಮ್ಮಪ್ಪ ಊಟದ ತಾಟು ಬಿಟ್ಟು ಎದ್ದು ಅಂಗಳದಲ್ಲಿ ನಿಲ್ಲುತ್ತಿದ್ದರು. ಮಾವಶಿ ಹೇಳಿದಂತೆ ಟಾಪು, ಹಾಸಿಗೆ, ಒಲೆ, ಸೋಲಾರ್ ಎಲ್ಲವನ್ನೂ ಕೂಡಿಸಿ ವಿಮೆ ಮಾಡಿಸಿದೆ. ಸಹಿ ಮಾಡುವಾಗಲೂ ಮುಖ ಊದಿಸಿಕೊಂಡೇ ಇದ್ದೆ. ಅವರು ನೋಡಿಯೂ ನೋಡದ ಹಾಗೆ ನನ್ನ ಚಾ ಕುಡಿದು, ಶುಂಠಿ ಕಡಿಮೆಯಾಯಿತು ಎಂದು ಕೊಂಕು ತೆಗೆದು ಹೋದರು.

ಮುಂದಿನ ಬೇಸಿಗೆಯ ಹೊತ್ತಿಗೆ ದೂರದ ಕಾಲೇಜೊಂದರಲ್ಲಿ ಭೂಗರ್ಭ ಶಾಸ್ತ್ರ ಕಲಿಸುವ ಗಂಡ ಹೆಂಡತಿ ಗಾಡಿ ಬಾಡಿಗೆಗೆ ತೆಗೆದುಕೊಂಡರು. ಒಳ್ಳೆಯ ಜನ. ನಮ್ಮ ಕಟ್ಟೆಯ ಮೇಲೆ ಕುಳಿತು, ಈ ಕರಿ ಕಲ್ಲು, ಈ ಎರೆ ಮಣ್ಣು ಎಲ್ಲವೂ ಒಂದಾನೊಂದು ಕಾಲಕ್ಕೆ ನೆಲದೊಳಗಿಂದ ಉಕ್ಕಿ ಹರಿದ ಬೆಂಕಿಯೇ, ನೀವೆಲ್ಲ ಇರುವುದು ಜ್ವಾಲಾಮುಖಿಯ ನೆಲದ ಮೇಲೆ ಎಂದು ಹೇಳಿದರು. "ಬಿಸಲ ನೋಡಿದ್ರ ಖರೆ ಅನಸ್ತೈತ್ರಿ" ಎಂದು ನಾನು ನಕ್ಕೆ. ಎದುರಿನ ಮನೆಯ ಬಾಗಿಲಲ್ಲಿ ಅಕ್ಕಿ ಆರಿಸುತ್ತಿದ್ದ ಮಾವಶಿ ಮಾತ್ರ ನಗಲಿಲ್ಲ. ಕೈ ನಿಲ್ಲಿಸಿ ಪೂರಾ ಕೇಳಿಸಿಕೊಂಡರು.

ಆ ದಂಪತಿ ಬಬಲೇಶ್ವರ ದಾಟಿ ಕಾಖಂಡಕಿ ಹತ್ತಿರ, ಹಳ್ಳದ ದಂಡೆಯಲ್ಲಿ ಪದರು ಪದರಾಗಿ ಕಾಣುವ ಕರಿ ಬಂಡೆ ನೋಡಲು ಗಾಡಿ ನಿಲ್ಲಿಸಿದ್ದರು. ಮಧ್ಯಾಹ್ನ ಒಮ್ಮೆಲೇ ಆಣಿಕಲ್ಲು ಸುರಿಯಿತು. ಇಬ್ಬರೂ ಪಕ್ಕದ ಒಣದ್ರಾಕ್ಷಿ ಶೆಡ್ಡಿಗೆ ಓಡಿ ಜೀವ ಉಳಿಸಿಕೊಂಡರು. ಗಾಡಿ ಎಲ್ಲಿಗೆ ಓಡೀತು? ಟಾಪು ಸೀಳಿತು, ಸೋಲಾರ್ ಪುಡಿಯಾಯಿತು, ಒಳಗಿನ ಹಾಸಿಗೆಯಲ್ಲಿ ನೀರು ನಿಂತಿತು. ಚಾರ್ಜಿಗೆ ಇಟ್ಟಿದ್ದ ಅವರ ಫೋನುಗಳೂ ನೆನೆದು ಸತ್ತವು. ಹಾಗಾಗಿ ಬಿದ್ದ ಆಣಿಕಲ್ಲಿನ ಒಂದು ಫೋಟೋ ಕೂಡ ಯಾರೂ ತೆಗೆಯಲಿಲ್ಲ. ಶೆಡ್ಡಿನವರು ದ್ರಾಕ್ಷಿ ಮುಚ್ಚುವ ಗಡಿಬಿಡಿಯಲ್ಲಿದ್ದರು. ವಿಜಯಪುರದಲ್ಲೋ, ಆ ಹೊತ್ತಿಗೆ ಒಂದು ಹನಿಯೂ ಬಿದ್ದಿರಲಿಲ್ಲ.

ಕೆಲಸ ಕೆಟ್ಟದ್ದು ಇಲ್ಲಿಂದ ಮುಂದೆ. ನಮ್ಮ ಮನೆಯವರು ಗಾಬರಿಯಲ್ಲಿ ವಿಮಾ ಕಂಪನಿಗೆ ಫೋನು ಮಾಡಿ, "ಮ್ಯಾಲಿಂದ ಕಲ್ಲ ಬಿದ್ದಾವ್ರಿ, ಗಾಡಿ ಟಾಪ್ ಒಡದೈತಿ" ಎಂದರು. ನಮ್ಮ ಕಡೆ ಗಾಬರಿಯಾದಾಗ 'ಆಣಿ' ಯಾರು ಹಚ್ಚುತ್ತಾರೆ? ಕಲ್ಲು ಬಿತ್ತು ಎಂದರೆ ಮುಗಿಯಿತು, ಸಣ್ಣ ಕೂಸಿಗೂ ತಿಳಿಯುತ್ತದೆ. ಆ ಮಾಸ್ತರರು ತಮ್ಮ ಹೇಳಿಕೆಯಲ್ಲಿ, ಜ್ವಾಲಾಮುಖಿ ಪ್ರದೇಶದಲ್ಲಿ ವಾಹನ ನಿಲ್ಲಿಸಿದ್ದಾಗ ಹಾನಿಯಾಯಿತು ಎಂದು ಕೊಟ್ಟರು. ಎಲ್ಲೋ ದೂರದ ದೊಡ್ಡ ಆಫೀಸಿನಲ್ಲಿ ಈ ಎರಡು ಮಾತುಗಳು ಒಂದೇ ಮೇಜಿನ ಮೇಲೆ ಕೂಡಿದವು. ಜ್ವಾಲಾಮುಖಿ ಇರುವ ಜಾಗಕ್ಕೆ ಗಾಡಿ ಒಯ್ದು, ಅಲ್ಲಿ ಕಲ್ಲು ಬಿದ್ದು ಆದ ನಷ್ಟ ಹವಾಮಾನದ ನಷ್ಟವಲ್ಲ, ಕ್ಲೇಮು ಕೊಡಲಾಗದು ಎಂದು ಉತ್ತರ ಬಂತು.

ನಾನು ಅದನ್ನು ಓದಿ ಅತ್ತೆ. ಮಾವಶಿ ಓದಿ ಬಿದ್ದು ಬಿದ್ದು ನಕ್ಕರು. ಸೆರಗಿನಿಂದ ಕಣ್ಣೊರೆಸಿಕೊಂಡು, ತಟ್ಟನೆ ಮುಖ ಗಟ್ಟಿ ಮಾಡಿ, "ಏಳಬೇ. ಅತ್ತರ ಟಾಪ್ ಕೂಡೂದಿಲ್ಲ. ಸಿಟ್ಟ ಮನ್ಯಾಗ ಇಟ್ಟ ಬಾ, ಬುತ್ತಿ ಕಟಗೊಂಡ ಬಾ" ಎಂದರು.

ಮೂವರೂ ವಿಮಾ ಕಂಪನಿಯ ಊರಿನ ಶಾಖೆಗೆ ಹೋದೆವು. ಅಲ್ಲಿನ ಸಾಹೇಬರು ಕರಾವಳಿ ಕಡೆಯಿಂದ ಆಗಷ್ಟೇ ವರ್ಗವಾಗಿ ಬಂದಿದ್ದರು. ಮೆತ್ತಗಿನ ಮನುಷ್ಯ. "ವಿಜಯಪುರದಲ್ಲಿ ಜ್ವಾಲಾಮುಖಿ ಎಲ್ಲಿದೆ ಅಂತ ಮೇಲಿನವರು ನನ್ನನ್ನೇ ಕೇಳ್ತಿದ್ದಾರೆ ಅಮ್ಮಾ. ನಾನೇನು ಹೇಳ್ಲಿ?" ಎಂದರು.

ನಾನು ಬಾಯಿ ತೆರೆಯುವಷ್ಟರಲ್ಲಿ ಮಾವಶಿ ಮೇಜಿನ ಕೆಳಗೆ ನನ್ನ ಕಾಲು ತುಳಿದರು.

"ಜ್ವಾಲಾಮುಖಿ ತೋರಸಬೇಕೇನ್ರಿ ಸಾಹೇಬರ? ಜರಾ ಏಳ್ರಿ ಮ್ಯಾಲ."

ಅವರು ಪಾಪ, ಎದ್ದೇಬಿಟ್ಟರು.

"ನಿಮ್ಮ ಕುರ್ಚಿ ತೆಳಗ ಐತಿ ನೋಡ್ರಿ. ಈ ಆಫೀಸು, ಸಿದ್ಧೇಶ್ವರ ಗುಡಿ, ಇಕಿ ತಿಕೋಟಾ, ನಾ ಹುಟ್ಟಿದ ಜೈನಾಪುರ, ಎಲ್ಲಾ ಅದರ ಮ್ಯಾಲ ಕುಂತಾವ. ಮಾಸ್ತರ ಬಾಯಿಲೇ ಕೇಳೀನಿ. ಯಾವ ಕಾಲದಾಗೋ ಆರಿ ಕಲ್ಲಾಗೇತಿ. ಅದಕ್ಕ ಕ್ಲೇಮ್ ಕೊಡೂದಿಲ್ಲ ಅಂದ್ರ, ಈ ಜಿಲ್ಲಾದಾಗ ಯಾರಿಗೂ ಕೊಡಂಗಿಲ್ಲ. ಹಂಗಂತ ಹೊರಗ ಬೋರ್ಡ್ ಹಚ್ರಿ, ನಾ ಮನಿಗೆ ಹೋಗ್ತೇನಿ."

ಸಾಹೇಬರಿಗೆ ನಗು ಬಂತು. ಆದರೂ ತಲೆ ಆಡಿಸಿದರು. "ಅದು ಬರೀಬಹುದು. ಆದ್ರೆ ಕಲ್ಲು? ಬಿದ್ದ ಕಲ್ಲು ಎಲ್ಲಿ?"

"ಕರಗಿ ಹೋಗ್ಯಾವ್ರಿ" ಎಂದರು ನಮ್ಮ ಮನೆಯವರು.

"ಕಲ್ಲು ಕರಗ್ತದಾ?"

ಮಾವಶಿ ಹಣೆ ಬಡಿದುಕೊಂಡು ಆಣಿಕಲ್ಲಿನ ಕಥೆ ಬಿಡಿಸಿ ಹೇಳಿದರು. ಸಾಹೇಬರಿಗೆ ಈಗ ಅರ್ಥವಾಯಿತು. ಆದರೆ ಫೋನಿನಲ್ಲಿ ಕಲ್ಲು ಎಂದವರು ಈಗ ಮಾತು ತಿರುಗಿಸುತ್ತಿದ್ದಾರೆ ಎಂದೇ ಮೇಲಿನವರು ಅನ್ನುತ್ತಾರೆ, ಆ ದಿನ ಊರಲ್ಲಿ ಮಳೆಯೇ ಇರಲಿಲ್ಲ, ಜಾಗಕ್ಕೆ ಹೋಗಿ ಕಣ್ಣಾರೆ ಏನಾದರೂ ಕಂಡರೆ ಮಾತ್ರ ತಾನು ಒತ್ತಿ ಹೇಳಬಹುದು ಎಂದರು. ಮುಂದಿನ ವಾರ ನೋಡೋಣ ಎಂದೂ ಸೇರಿಸಿದರು.

"ಆತ್ರಿ, ಮುಂದಿನ ವಾರ ತನಕ ಇಲ್ಲೇ ಕುಂದರ್ತೇನಿ" ಎಂದರು ಮಾವಶಿ. ಕುಳಿತೇಬಿಟ್ಟರು. ಯಾರಿಗೂ ಏರುದನಿಯಲ್ಲಿ ಒಂದು ಮಾತಿಲ್ಲ. ಬಂದ ಗಿರಾಕಿಗಳನ್ನೆಲ್ಲ ಮಾತಾಡಿಸಿದರು. ಸಿಪಾಯಿಯ ಮಗಳ ಮದುವೆಗೆ ಎರಡು ಗಂಡು ಹೇಳಿದರು. ಮಧ್ಯಾಹ್ನ ಬುತ್ತಿ ಬಿಚ್ಚಿ ಸಜ್ಜಿ ರೊಟ್ಟಿ, ಶೇಂಗಾ ಹಿಂಡಿ, ಮೊಸರು ಹರವಿ, ಸಾಹೇಬರ ಕೈಗೂ ಒಂದು ರೊಟ್ಟಿ ಇಟ್ಟರು. ರೊಟ್ಟಿ ಮುರಿದ ಮೇಲೆ ಆ ಮನುಷ್ಯ ಇಲ್ಲ ಅನ್ನಲಾರದೆ, "ನಡೀರಿ, ಇವತ್ತೇ ಹೋಗಿ ಬರೋಣ" ಎಂದರು.

ನಮ್ಮ ಒಡೆದ ಗಾಡಿಯಲ್ಲೇ ಹೋದೆವು. ಟಾಪಿಗೆ ಕಟ್ಟಿದ ತಾಡಪತ್ರಿ ದಾರಿಯುದ್ದಕ್ಕೂ ಪಟಪಟ ಬಡಿಯುತ್ತಿತ್ತು.

ಕಾಖಂಡಕಿಯ ಶೆಡ್ಡಿನ ಹತ್ತಿರ ಜನ ಕೂಡಿದರು. ಸಾಹೇಬರು ಏನಾಯಿತೆಂದು ಕೇಳಿದರೆ ಒಬ್ಬೊಬ್ಬರದೂ ಒಂದೇ ಮಾತು: "ಕಲ್ಲ ಬಿದ್ದಾವ್ರಿ!" "ಏನ್ ಕಲ್ಲ್ರಿ ಅವು, ಅಬಬಬಾ!" ಮಾವಶಿ, "ಪೂರಾ ಹೆಸರ ಹೇಳ್ರೋ ಯಪ್ಪಾ, ನಿಮ್ಮ ಕಾಲಿಗೆ ಬೀಳ್ತೇನಿ!" ಎಂದು ಕೂಗಿದರು. ನನಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಬಂಗಾರ, ಗಾಡಿ, ನನ್ನ ಹಟ ಎಲ್ಲವೂ ಆ ಒಂದು ಶಬ್ದಕ್ಕೆ ಸಿಕ್ಕಿಹಾಕಿಕೊಂಡು ಒದ್ದಾಡುತ್ತಿದ್ದವು.

ಆಗ ಶೆಡ್ಡಿನ ಮಾಲಕರ ತಾಯಿ, ವಯಸ್ಸಾದ ಅಜ್ಜಿ, "ಕಲ್ಲ ನೋಡಬೇಕೇನ್ರಿ ಸಾಹೇಬರು? ತಡೀರಿ" ಎಂದು ಮನೆಯೊಳಗೆ ಹೋದಳು. ಫ್ರಿಜ್ಜಿನಿಂದ ಸ್ಟೀಲಿನ ಬಟ್ಟಲೊಂದನ್ನು ತಂದು ಮುಚ್ಚಳ ತೆಗೆದಳು.

"ನಿಂಬಿಹಣ್ಣಿನಷ್ಟ ಇದ್ದುವ್ರಿ. ಮಗಳು ಬಂದಾಗ ತೋರಸೂಣು ಅಂತ ಇಟ್ಟಿದ್ನಿ. ಕರೆಂಟ್ ಹೋಗಿ ಬಂದು ಸಣ್ಣಾಗ್ಯಾವ."

ಬಟ್ಟಲಲ್ಲಿ ಮೂರ್ನಾಲ್ಕು ಆಣಿಕಲ್ಲು, ಒಂದಕ್ಕೊಂದು ಹತ್ತಿಕೊಂಡು ಕುಳಿತಿದ್ದವು. ಮಾವಶಿ ಒಂದನ್ನು ಕಿತ್ತು ಸಾಹೇಬರ ಅಂಗೈಗೆ ಹಾಕಿ ಬೆರಳು ಮಡಚಿದರು. ಬಿಸಿಲಿಗೆ ಅದು ಬೆರಳ ಸಂದಿಯಿಂದ ನೀರಾಗಿ ಸೋರಿ ನೆಲಕ್ಕೆ ಬಿತ್ತು.

"ಕಲ್ಲ ಕರಗತೈತಿಲ್ರಿ ಸಾಹೇಬರ?"

"ಕರಗ್ತದಮ್ಮಾ" ಎಂದು ಅವರು ಒದ್ದೆ ಕೈ ನೋಡಿಕೊಂಡು ಜೋರಾಗಿ ನಕ್ಕರು. "ನಮ್ಮ ಕಡೆ ಆಲಿಕಲ್ಲು ಅಂತೇವೆ."

ಅವರೇ ಗಾಡಿಯ ಮೇಲೆ ಹತ್ತಿ ಟಾಪಿನ ತಗ್ಗುಗಳನ್ನು ಮುಟ್ಟಿ ನೋಡಿದರು. ಬಟ್ಟಲಿನದೂ, ಶೆಡ್ಡಿನ ಹರಿದ ಪರದೆಯದೂ, ಒಂದೇ ಮಗ್ಗುಲಿಗೆ ಜಜ್ಜಿಹೋದ ದ್ರಾಕ್ಷಿ ಬಳ್ಳಿಗಳದೂ ಫೋಟೋ ತೆಗೆದರು. ಅಷ್ಟಕ್ಕೇ ಎಲ್ಲ ಆಗಿಬಿಡಲಿಲ್ಲ. ಮೇಲಿನವರು ಮತ್ತೆ ಎಳೆದಾಡಿದರು. ಮಾವಶಿ ಮತ್ತೆ ಬುತ್ತಿ ಕಟ್ಟಿಕೊಂಡು ಹೋದರು. ಅವರು ಬಂದು ಕುಳಿತರೆ ಸಾಹೇಬರೇ ಮೇಲಿನ ಆಫೀಸಿಗೆ ಫೋನು ಹಚ್ಚುವಂತಾಯಿತು. ಮಳೆಗಾಲಕ್ಕೆ ಮುಂಚೆ ಕ್ಲೇಮು ಪಾಸಾಗಿ ಹೊಸ ಟಾಪು ಬಂತು.

ಅವತ್ತು ನಾನು ಶುಂಠಿ ಜಜ್ಜಿ ಹಾಕಿ ಚಾ ಮಾಡಿದೆ. ಮಾವಶಿ ಗಾಡಿಯೊಳಗೆ ಹತ್ತಿ ಟಾಪಿಗೆ ಗೆಣ್ಣಿನಿಂದ ಬಡಿದರು.

"ಗಟ್ಟಿ ಐತಿ" ಎಂದರು. ನನ್ನ ಕಡೆ ತಿರುಗಿ, "ನೀನೂ" ಎಂದರು. ನನ್ನ ಹೆತ್ತವ್ವನೂ ನನಗೆ ಹಾಗೆ ಹೇಳಿರಲಿಲ್ಲ.

"ಒಂದಿನ ನೀವೂ ಇದರಾಗ ಮಲಗಿ ಜೈನಾಪುರಕ್ಕ ಹೋಗಿ ಬರ್ರಿ ಮಾವಶಿ" ಎಂದೆ.

"ಮನಿ ಇದ್ದವರು ಗಾಡ್ಯಾಗ ಯಾಕ ಮಲಗ್ತಾರಬೇ? ಮಲಗ್ತೇನಿ ತಡಿ, ವ್ಯಾಳ್ಯಾ ಬರ್ಲಿ."

ಈಗಲೂ ಬಾಡಿಗೆಗೆ ಬಂದವರ ಕೈಗೆ ಕೀಲಿ ಕೊಡುವ ಮೊದಲು ನಾನು ಒಂದು ಮಾತು ಹೇಳುತ್ತೇನೆ: "ಮ್ಯಾಲಿಂದ ಬಿದ್ರ ಕಲ್ಲ ಅನಬ್ಯಾಡ್ರಿ, ಆಣಿಕಲ್ಲ ಅನ್ರಿ." ಅವರು ನಗುತ್ತಾರೆ. ನಗಲಿ, ಅವರ ಬಾಯಿಂದ ಆಣಿಕಲ್ಲು ಎಂದು ಹೇಳಿಸದೆ ಕೀಲಿ ಬಿಡುವುದಿಲ್ಲ.

ಹೋದ ಶ್ರಾವಣದಲ್ಲಿ ಮಾವಶಿ ಎದೆನೋವೆಂದು ಆಸ್ಪತ್ರೆ ಸೇರಿದವರು ಎದ್ದು ಬರಲಿಲ್ಲ. ಹುಟ್ಟಿದ ಜೈನಾಪುರದಲ್ಲೇ ತಮ್ಮನ್ನು ಮಣ್ಣು ಮಾಡಬೇಕು ಎಂದು ಮೊದಲೇ ಹೇಳಿಟ್ಟಿದ್ದರು. ಬೆಳಗಿನಿಂದ ಮಳೆ ಹಿಡಿದಿತ್ತು. ಒಯ್ಯುವ ಗಾಡಿ ಸಿಗದೆ ಅವರ ಅಣ್ಣನ ಮಗ ಆಸ್ಪತ್ರೆಯ ಬಾಗಿಲಲ್ಲಿ ಫೋನು ಹಿಡಿದು ಒದ್ದಾಡುತ್ತಿದ್ದ.

"ನಮ್ಮ ಗಾಡಿ ಐತಲ್ಲ" ಎಂದೆ.

ನಮ್ಮ ಮನೆಯವರು ನನ್ನನ್ನು ಪಕ್ಕಕ್ಕೆ ಕರೆದರು. "ಹೆಣ ಹೊತ್ತ ಗಾಡಿ ಅಂತ ಊರಿಗೆಲ್ಲ ಗೊತ್ತಾದ್ರ ನಾಳೆ ಯಾರ ಬಾಡಿಗಿಗೆ ಒಯ್ತಾರ?"

"ಒಯ್ಯದಿದ್ರ ಬಿಡ್ಲಿ. ಆ ಗಾಡಿ ಉಳದಿದ್ದು ಯಾರಿಂದ? ಗಾಡಿ ತರ್ರಿ, ಇಲ್ಲಂದ್ರ ಕೀಲಿ ಕೊಡ್ರಿ, ನಾನಽ ಓಡಸ್ತೇನಿ."

ಅವರು ಗಾಡಿ ತಂದು ನಿಲ್ಲಿಸಿದರು.

ಒಳಗಿನ ಹಾಸಿಗೆಯ ಮೇಲೆ ಮಾವಶಿಯನ್ನು ಮಲಗಿಸಿದೆವು. ಕೈತುಂಬ ಹಸಿರು ಬಳೆ ಹಾಗೆಯೇ ಇದ್ದವು. ನಾನು ಪಕ್ಕದಲ್ಲಿ ಕುಳಿತು, ಗಾಡಿ ಕುಲುಕಿದಾಗೆಲ್ಲ ಬಳೆ ಒಡೆಯದಂತೆ ಆ ಕೈ ಹಿಡಿದುಕೊಂಡೆ. ಗೆಣ್ಣಿನ ಕಪ್ಪು ಗಂಟು ನನ್ನ ಬೆರಳಿಗೆ ತಾಗುತ್ತಿತ್ತು. ಬಬಲೇಶ್ವರದ ದಾರಿಯಲ್ಲಿ ಮಳೆ ಜೋರಾಯಿತು, ಟಾಪಿನ ಮೇಲೆ ಬಡಿಯುವ ಸದ್ದಿಗೆ ಬೇರೇನೂ ಕೇಳದಂತಾಯಿತು. ನಾನು ನಡುಬೆರಳು ಮಡಚಿ ಮೇಲೆ ಬಡಿದು ನೋಡಿದೆ.

"ಗಟ್ಟಿ ಐತ್ರಿ ಮಾವಶಿ" ಎಂದೆ.

ಜೈನಾಪುರ ಮುಟ್ಟುವವರೆಗೆ ಅವರ ಮೇಲೆ ಒಂದು ಹನಿಯೂ ಬೀಳಲಿಲ್ಲ.