ಹರಿಣಾಕ್ಷಿ ಅರ್ಜಿ ಹಾಕಿದ್ದು

ಹಾಗಾದರೆ ನೀವು ನಂಬುವುದಿಲ್ಲ. ಕಣ್ಣು ಕಾಣದವಳು ಕಂಪ್ಯೂಟರ್ ನಡೆಸುತ್ತಾಳೆ ಎನ್ನುವುದು ಈ ಅಜ್ಜನ ಇನ್ನೊಂದು ಬುರುಡೆ ಎನ್ನುತ್ತೀರಿ. ತಪ್ಪು ನಿಮ್ಮದಲ್ಲ. ನನ್ನ ಸೋದರಮಾವ ಕಡಬದಲ್ಲಿ ಅಡಿಕೆ ಮರ ಹತ್ತಿ, ಮರದಿಂದ ಮರಕ್ಕೆ ಜೀಕುತ್ತಾ, ನೆಲ ಮುಟ್ಟದೆ ಸುಳ್ಯದಲ್ಲಿ ಇಳಿದು ಚಾ ಕುಡಿದರು ಎಂದವನು ನಾನೇ. ನಡುವೆ ಹೊಳೆ ಬರುತ್ತದಲ್ಲ ಎಂದು ನೀವು ಆಗಲೂ ಕೇಳಿದ್ದಿರಿ. ಆ ಹೊಳೆಯನ್ನು ನಾನು ಸ್ವಲ್ಪ ಸಪೂರ ಮಾಡಿದ್ದು ಹೌದು. ಇದರಲ್ಲಿ ಯಾವುದನ್ನೂ ಸಪೂರ ಮಾಡಿಲ್ಲ.

ಹರಿಣಾಕ್ಷಿ ನಮ್ಮ ಆಲಂಕಾರು ಊರಿನಲ್ಲಿ ಪಕ್ಕದ ಮನೆಯವಳು. ವಯಸ್ಸು ಮೂವತ್ತಾರು. ಒಂಬತ್ತನೇ ವಯಸ್ಸಿನಲ್ಲಿ ಜ್ವರ ಬಂತು. ಹೋಗುವಾಗ ಎರಡೂ ಕಣ್ಣುಗಳ ಬೆಳಕು ತೆಗೆದುಕೊಂಡು ಹೋಯಿತು. ಜಿಂಕೆಯ ಕಣ್ಣು ಹೆಸರಿನಲ್ಲಿ ಮಾತ್ರ ಉಳಿಯಿತು. ಅದನ್ನು ಹೇಳಿ ಮೊದಲು ನಕ್ಕವನು ನಾನೇ.

"ನಿಮ್ಮ ಹೆಸರು ಸತ್ಯಪ್ಪ ಅಲ್ವಾ ಅಜ್ಜ? ನಾನು ಯಾವತ್ತಾದ್ರೂ ನಗಾಡಿದ್ದುಂಟಾ?" ಎಂದಳು. ಆ ಮೇಲೆ ನಾನು ಹೆಸರಿನ ತಮಾಷೆಗೆ ಹೋಗಲಿಲ್ಲ.

ಮಂಗಳೂರಿನಲ್ಲಿ ಅಂಧರ ಶಾಲೆಯಲ್ಲಿ ಓದಿದಳು. ಪುತ್ತೂರಿನ ಒಂದು ಆಸ್ಪತ್ರೆಯಲ್ಲಿ ಹನ್ನೊಂದು ವರ್ಷ ಫೋನ್ ಎತ್ತುವ ಕೆಲಸ ಮಾಡಿದಳು. ಅಲ್ಲಿಗೆ 'ಕನ್ನಡಕ್ಕಾಗಿ ಒಂದನ್ನು ಒತ್ತಿ' ಎನ್ನುವ ಯಂತ್ರ ಬಂತು, ಇವಳು ಮನೆಗೆ ಬಂದಳು. ಮೂರು ವರ್ಷ ಜಗಲಿಯಲ್ಲಿ ಕೂತಳು. "ಬೆಳಿಗ್ಗೆ ಬುತ್ತಿ ಹಿಡ್ಕೊಂಡು ಬಸ್ಸಿಗೆ ಹೋಗ್ಬೇಕು ಅಜ್ಜ, ಅಷ್ಟೇ ನನಗೆ" ಎನ್ನುತ್ತಿದ್ದಳು.

ಅವಳ ಲ್ಯಾಪ್‌ಟಾಪು ಪರದೆಯ ಮೇಲಿದ್ದದ್ದನ್ನೆಲ್ಲ ಓದಿ ಹೇಳುತ್ತದೆ. ಎಷ್ಟು ಬೇಗ ಎಂದರೆ, ನಮಗದು ಮಿಕ್ಸಿಯಲ್ಲಿ ಕಾಯಿ ಅರೆದ ಹಾಗೆ. ಅವಳಿಗೆ ಒಂದು ಮಾತೂ ತಪ್ಪುವುದಿಲ್ಲ. ವೆಬ್‌ಸೈಟಿನ ಪುಟವನ್ನು ಸರಿ ಕಟ್ಟಿದ್ದರೆ ತಲೆಬರಹದಿಂದ ತಲೆಬರಹಕ್ಕೆ ನನ್ನ ಮಾವನ ಹಾಗೆ ಹಾರುತ್ತಾಳೆ. ಸರಿ ಕಟ್ಟದಿದ್ದರೆ ಹಾರಲು ಮರವೇ ಇರುವುದಿಲ್ಲ.

ಕಳೆದ ವರ್ಷ ನಮ್ಮ ಕಡೆಯ ಒಂದು ಸೊಸೈಟಿಯವರು, ಹೆಸರು ಬೇಡ, ಸದಸ್ಯರ ಫೋನಿಗೆ ಉತ್ತರಿಸಲು ಕಡಬದ ಕಚೇರಿಗೆ ಒಬ್ಬರು ಬೇಕು ಎಂದರು. ಹುದ್ದೆ ಅಂಗವಿಕಲರಿಗೇ ಮೀಸಲು. ಅರ್ಜಿ ಮಾತ್ರ ವೆಬ್‌ಸೈಟಿನಲ್ಲೇ ಹಾಕಬೇಕು, ಶುಕ್ರವಾರ ಸಂಜೆ ಐದರೊಳಗೆ. ಸೋಮವಾರವೇ ಇವಳು ಕೂತಳು. ಪುಟ ತೆರೆದರೆ ಲ್ಯಾಪ್‌ಟಾಪು "ಡಾಲರ್, ಕಮಾ, ಜೆಡ್, ಜೆಡ್" ಎಂದು ಬೊಬ್ಬೆ ಹಾಕಿತು.

"ಎಂತ ಅಜ್ಜ ಇದು? ನಿಮಗೆ ಇಲ್ಲಿ ಕನ್ನಡ ಕಾಣುದಾ?"

"ಕನ್ನಡವೇ. ಲಾಯ್ಕದ ಕನ್ನಡ."

"ನನಗೆ ಭೂತ ಮೈಮೇಲೆ ಬಂದ ಇಂಗ್ಲಿಷ್ ಮೇಷ್ಟ್ರು ಮಾತಾಡಿದ ಹಾಗೆ ಕೇಳುದು."

ಆದದ್ದು ಇಷ್ಟು. ಸೊಸೈಟಿಯ ಗುಮಾಸ್ತರು ಮೂವತ್ತು ವರ್ಷದಿಂದ ನೋಟೀಸು, ಆಮಂತ್ರಣ ಎಲ್ಲವನ್ನೂ ಪ್ರೆಸ್ಸಿಗೆ ಕೊಡುವ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದವರು. ವೆಬ್‌ಸೈಟಿಗೂ ಅದನ್ನೇ ಹಾಕಿದರು. ಆ ಫಾಂಟು ಕಣ್ಣಿಗೆ ಕನ್ನಡ; ಒಳಗಿರುವುದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆ. ಓದುವ ಯಂತ್ರಕ್ಕೆ ಒಳಗಿನದ್ದೇ ಸಿಗುವುದು.

ನಾನೇ ತುಂಬಿಸಿ ಕೊಡುತ್ತೇನೆ ಎಂದೆ.

"ಕೆಲಸ ಯಾರಿಗೆ ಅಜ್ಜ? ದಿನಾ ನನ್ನೊಟ್ಟಿಗೆ ಕಡಬಕ್ಕೂ ಬರ್ತೀರಾ?"

ಮೂರು ದಿನ ನಾನು ಸಾಲು ಸಾಲಾಗಿ ಓದಿದೆ, ಅವಳು ಅದೇ ಸಾಲಿನ ಬೊಬ್ಬೆಯನ್ನು ಕೇಳಿ ಹೊಂದಿಸಿಕೊಂಡಳು. ನಾಲ್ಕನೇ ದಿನ ಡಾಲರು, ಕಮಾ ಕೇಳಿಯೇ "ಇದು ತಂದೆಯ ಹೆಸರು, ಇದು ವಿದ್ಯಾರ್ಹತೆ" ಎಂದು ತಾನೇ ತುಂಬಿಸತೊಡಗಿದಳು. ಇದನ್ನೂ ಬುರುಡೆ ಎಂದರೆ ನಾನು ನಿಮ್ಮೊಡನೆ ಜಗಳಕ್ಕೆ ಬರುತ್ತೇನೆ.

ಶುಕ್ರವಾರ ನಾಲ್ಕೂವರೆಗೆ ಕೊನೆಯ ಪುಟಕ್ಕೆ ಬಂದಳು. ಅಲ್ಲೊಂದು ಚಿತ್ರ, ಅದರಲ್ಲಿ ಸೊಟ್ಟ ಸೊಟ್ಟ ಆರು ಅಕ್ಷರ. ನೀವು ಯಂತ್ರವಲ್ಲ, ಮನುಷ್ಯರು ಎಂದು ತೋರಿಸಲು ಅದನ್ನು ನೋಡಿ ಬರೆಯಬೇಕಂತೆ. ಕೇಳಿ ಬರೆಯುವ ದಾರಿಯನ್ನೂ ಕೊಡಬಹುದಿತ್ತು, ಕೊಟ್ಟಿರಲಿಲ್ಲ.

"ಇದೊಂದು ಓದಿ ಅಜ್ಜ. ಕನ್ನಡಕ ಉಂಟಲ್ಲ?"

ಕನ್ನಡಕ ಅವತ್ತು ಮನೆಯಲ್ಲೇ ಉಳಿದಿತ್ತು. ಡಾಕ್ಟರು ಎರಡು ವರ್ಷದಿಂದ ಪೊರೆ ತೆಗೆಸಿ ಎನ್ನುತ್ತಿದ್ದರು. ನಾನು ಎಂತ ಹೇಳಿದೆ ಗೊತ್ತುಂಟಾ? ಒಂದು ಮೈಲಿ ದೂರದಿಂದ ಬಸ್ಸಿನ ಬೋರ್ಡು ಓದುವವನಿಗೆ ಕನ್ನಡಕ ಯಾಕೆ ಎಂದೆ. ಓದಿದೆ. ತಪ್ಪು. ಬೇರೆ ಚಿತ್ರ ಬಂತು. ತಪ್ಪು. ಮೂರನೆಯದ್ದೂ ತಪ್ಪಿದಾಗ ಪುಟ ಮುಚ್ಚಿತು. ಇಪ್ಪತ್ತನಾಲ್ಕು ಗಂಟೆ ಬಿಟ್ಟು ಬನ್ನಿ ಎಂದು ಬರೆದಿತ್ತು.

ಅವಳು ಬೈಯಲಿಲ್ಲ. ಬೈಯಬೇಕಿತ್ತು.

ಮರುದಿನ ಕಡಬಕ್ಕೆ ಹೋದೆವು. ಕಾರ್ಯದರ್ಶಿ ಸಂಪ್ರೀತ್ ಎದ್ದು ನಿಂತು ಕುರ್ಚಿ ಕೊಟ್ಟ.

"ಸಿಸ್ಟಮ್ ಐದಕ್ಕೆ ಕ್ಲೋಸ್ ಆಗುದು ಅಕ್ಕ. ನನ್ನ ಕೈಯಲ್ಲಿ ಇಲ್ಲ."

"ಮತ್ತೆ ಯಾರ ಕೈಯಲ್ಲಿ ಉಂಟು?"

"ತೊಂದರೆ ಆದದ್ದೆಲ್ಲ ಬರೆದು ಕೊಡಿ. ಮೀಟಿಂಗಿನಲ್ಲಿ ಇಡ್ತೇನೆ."

ಇಪ್ಪತ್ತಮೂರು ತಪ್ಪುಗಳನ್ನು ಬರೆದು, ಒಂದೊಂದನ್ನೂ ಸರಿ ಮಾಡುವುದು ಹೇಗೆ ಎಂದೂ ಬರೆದು ಕಳಿಸಿದಳು. ಎರಡು ತಿಂಗಳ ನಂತರ ಫೋನ್ ಬಂತು. ಓಡಿ ಬಂದು ನನ್ನನ್ನು ಕರೆದಳು. ಕೆಲಸವೇ ಸಿಕ್ಕಿತು ಎಂದು ನಾನು ಚಪ್ಪಲಿ ಹಾಕದೆ ಹೋದೆ. ಕೆಲಸ ಅಲ್ಲ. ಮಹಾಸಭೆಯಲ್ಲಿ ಸನ್ಮಾನ. ನಮಗೆ ಒಬ್ಬರ ಮಾತು ಕೇಳಲು ಕಷ್ಟವಾದಾಗ ಅವರಿಗೆ ಶಾಲು ಹೊದೆಸುತ್ತೇವೆ.

ಹೋಗಬೇಡ ಎಂದೆ.

"ಸನ್ಮಾನ ಆದವರಿಗೆ ಎರಡು ಮಾತಾಡ್ಲಿಕ್ಕೆ ಮೈಕ್ ಕೊಡ್ತಾರೆ ಅಜ್ಜ. ಎಲ್ಲರೆದುರು ಆ ಕೆಲಸ ಕೇಳ್ತೇನೆ. ಮತ್ತೆ ಇಲ್ಲ ಅನ್ಲಿಕ್ಕೆ ಆಗುದಿಲ್ಲ."

ಅವಳನ್ನು ವೇದಿಕೆಯಲ್ಲಿ ಕೂರಿಸಿದರು. ಸದಸ್ಯನಾದ್ದರಿಂದ ನಾನು ಮುಂದಿನ ಸಾಲಿನಲ್ಲಿದ್ದೆ. ಸಂಪ್ರೀತ್ ವಾರ್ಷಿಕ ವರದಿ ಓದಿದ. ಗೊಬ್ಬರ ಆಯಿತು, ಹೊಸ ಕಟ್ಟಡ ಆಯಿತು. "ಮೀಸಲು ಹುದ್ದೆಗೆ ಅರ್ಜಿಗಳು ಬಾರದ ಕಾರಣ ಅದನ್ನು ಸಾಮಾನ್ಯ ಹುದ್ದೆಯಾಗಿ ಪರಿವರ್ತಿಸಿ ಭರ್ತಿ ಮಾಡಲಾಗಿದೆ" ಎಂದೂ ಓದಿದ. ಕೊನೆಗೆ, "ವರದಿಯನ್ನು ಚಪ್ಪಾಳೆಯ ಮೂಲಕ ಅನುಮೋದಿಸಬೇಕು" ಎಂದ. ನಲವತ್ತು ವರ್ಷದ ಅಭ್ಯಾಸ. ವರದಿಯನ್ನು ಯಾರು ಕೇಳುತ್ತಾರೆ? ಕೈ ತಾನಾಗಿಯೇ ತಟ್ಟಿತು. ತಟ್ಟಿದ ಮೇಲೆ 'ಅರ್ಜಿಗಳು ಬಾರದ' ಎಂಬ ಮಾತು ತಲೆಗೆ ಹೋಯಿತು.

ಆಮೇಲೆ ಪೇಟ, ಶಾಲು, ಅವಳಿಗೆ ಓದಲಾಗದ ಗಾಜಿನ ಚೌಕಟ್ಟಿನ ಅಭಿನಂದನಾ ಪತ್ರ. ಅವಳು ಮೈಕಿಗೆ ಕೈ ಚಾಚಿದಳು. ಚಾಚಿದ ಕೈಗೆ ಹಣ್ಣಿನ ಬುಟ್ಟಿ ಬಂತು. ಸಮಯದ ಅಭಾವ ಎಂದು ವಂದನಾರ್ಪಣೆ ಶುರು ಮಾಡಿದರು.

ಜೀಪಿನಲ್ಲಿ ಬರುವಾಗ ಬುಟ್ಟಿ ಅವಳ ಮಡಿಲಲ್ಲಿತ್ತು. ಕೇಳಿದಳು:

"ವರದಿಗೆ ನೀವೂ ಚಪ್ಪಾಳೆ ತಟ್ಟಿದ್ರಾ ಅಜ್ಜ?"

"ಇಲ್ಲಪ್ಪ" ಎಂದೆ.

ನನ್ನ ಬುರುಡೆಗಳನ್ನು ಅವಳು ಯಾವತ್ತೂ ಅಲ್ಲಲ್ಲೇ ಹಿಡಿಯುತ್ತಿದ್ದಳು. ಅವತ್ತು ಬುಟ್ಟಿಯಲ್ಲಿ ತಡಕಾಡಿ ಒಂದು ಮೂಸಂಬಿ ತೆಗೆದು ನನ್ನ ಕೈಯಲ್ಲಿಟ್ಟಳು. ಈಗಲೂ ಅವಳು ಜಗಲಿಯಲ್ಲೇ ಇದ್ದಾಳೆ. ಆ ವೆಬ್‌ಸೈಟು ಈಗಲೂ ಡಾಲರ್ ಕಮಾ ಎನ್ನುತ್ತದೆ. ನಾನು ಮಾತ್ರ ಅವಳ ಅಂಗಳಕ್ಕೆ ಹೋಗುವಾಗಲೆಲ್ಲ, ಹೌದು, ನಾನೂ ತಟ್ಟಿದ್ದೆ ಎಂದು ಇವತ್ತಾದರೂ ಹೇಳಬೇಕು ಎಂದುಕೊಂಡು—

"ಮಾವ, ಗಂಜಿ ಬಡಿಸಿದ್ದೇನೆ. ಮತ್ತೆ ತಣಿಯಿತು ಅಂತ ನನಗೆ ಹೇಳ್ಬೇಡಿ!"

ಸೊಸೆ ಸುಪ್ರಿತಾ. ಬಂದೆ ಮಾರಾಯ್ತಿ, ಬಂದೆ.