ಒಳಗೆ ಬಾರದವಳು

ಮಾಸ್ಕನ್ನು ಗದ್ದಕ್ಕಿಳಿಸಿ, ಹೂಗುಚ್ಛ ಹಿಡಿದು, ಎರಡು ಸಲ ಕೆಮ್ಮಿ, ಭಾವ ನನ್ನ ಆಸ್ಪತ್ರೆ ಕೋಣೆಯೊಳಗೆ ಬಂದೇಬಿಟ್ಟರು. ಕೀಮೋ ಆಗಿ ನನ್ನ ಬಿಳಿ ರಕ್ತಕಣಗಳ ಲೆಕ್ಕ, ಆಸ್ಪತ್ರೆ ಭಾಷೆಯಲ್ಲಿ 'ಕೌಂಟ್', ಪಾತಾಳ ಸೇರಿತ್ತು. ಅದು ಏರುವ ತನಕ ಹೂವು, ನೆಂಟರು ಎರಡೂ ನಿಷಿದ್ಧ ಎಂದು ಬಾಗಿಲ ಮೇಲೇ ಬರೆದಿತ್ತು.

"ಗ್ರೇಟರ್ ನೋಯ್ಡಾದಿಂದ ಬಂದಿದ್ದೀನಮ್ಮಾ. ಬೋರ್ಡೆಲ್ಲ ಹೊರಗಿನವರಿಗೆ" ಎಂದರು. ನಿಜವೇ, ಸೋಂಕಿಗೂ ನೆಂಟಸ್ತಿಕೆ ತಿಳಿಯಬೇಡವೇ? ನರ್ಸ್ ಅವರನ್ನು ಹೊರಡಿಸುವಷ್ಟರಲ್ಲಿ ಸೆಲ್ಫಿ ಫ್ಯಾಮಿಲಿ ಗ್ರೂಪ್ ಸೇರಿ, ಅವರ ದೊಡ್ಡ ಮನಸ್ಸಿಗೆ ಹೊಗಳಿಕೆಯೂ ಬಂದಾಗಿತ್ತು.

ಮರುದಿನ ನೆಲ ಒರೆಸಲು ಸುನೀತಾ ಬರಲಿಲ್ಲ. "ದೀದಿ, ಕೌಂಟ್ ಎಷ್ಟಾಯ್ತು?" ಎಂದು ಅವಳು ದಿನಾ ಹಿಂದಿಯಲ್ಲಿ ಕೇಳುತ್ತಿದ್ದಳು. ಇವಳಿಗೇನು ತಿಳಿಯುತ್ತದೆ ಎಂದು ಮಹಾ ವಿದ್ಯಾವಂತೆಯಾದ ನಾನು ಗೋಡೆ ಕಡೆ ತಿರುಗುತ್ತಿದ್ದೆ. ಬದಲಿಗೆ ಬಂದವಳು ಹೇಳಿದಳು: "ಅವಳಿಗೆ ನೆಗಡಿ. ನಿಮ್ಮ ಕೌಂಟ್ ಏರೋವರೆಗೆ ಪಾರ್ಕಿಂಗ್ ಗುಡಿಸ್ತೀನಿ ಅಂತ ತಾನೇ ಕೇಳ್ಕೊಂಡು ಹೋಗಿದಾಳೆ."

ಕಿಟಕಿಯ ಗಾಜಿಗೆ ಹಣೆ ಹಚ್ಚಿ ನೋಡಿದೆ. ಜನವರಿಯ ಚಳಿಯಲ್ಲಿ, ಮೂಗಿನವರೆಗೆ ಶಾಲು ಸುತ್ತಿಕೊಂಡು, ಸುನೀತಾ ಕೆಳಗೆ ಕಾರುಗಳ ನಡುವೆ ಕಸ ಗುಡಿಸುತ್ತಿದ್ದಳು. ತಲೆಯೆತ್ತಿ ನನ್ನನ್ನು ಕಂಡವಳೇ ಅಂಗೈ ತಿರುಗಿಸಿ 'ಎಷ್ಟು?' ಎಂದು ಕೇಳಿದಳು. ನಿನ್ನೆ ನೂರಿದ್ದದ್ದು ಮುನ್ನೂರಾಗಿತ್ತು. ಮೊದಲ ಸಲ ಉತ್ತರ ಕೊಟ್ಟೆ, ಮೂರು ಬೆರಳು ತೋರಿಸಿ. ಅವಳು ಪೊರಕೆ ಎತ್ತಿ ಕುಣಿಸಿದಳು.

ಭಾವ ಈಗಲೂ ಮದುವೆ ಮನೆಗಳಲ್ಲಿ "ಕಷ್ಟಕಾಲಕ್ಕೆ ಬಂದವನು ನಾನೊಬ್ಬನೇ" ಎನ್ನುತ್ತಾರೆ. ನಾನು ಹೂಂಗುಟ್ಟುತ್ತೇನೆ. ಬಾರದೇ ನನ್ನನ್ನು ಕಾಪಾಡಿದವಳ ವಿಷಯವನ್ನು ಅವರಿಗೆ ಅರ್ಥ ಮಾಡಿಸುವಷ್ಟು ಕೌಂಟ್ ನನಗಿನ್ನೂ ಬಂದಿಲ್ಲ.