ಜೇಬಕ್ಕನಿಗೆ ಬರುತ್ತಿದ್ದದ್ದು

ಸಮವಸ್ತ್ರ ಹೊಲಿಯುವ ಆ ಕಾರ್ಖಾನೆಯಲ್ಲಿ ಒಬ್ಬೊಬ್ಬರಿಗೆ ಒಂದೊಂದೇ ಕೆಲಸ. ಕಾಲರ್ ಹೊಲಿಯುವವಳು ತೋಳು ಮುಟ್ಟುವಂತಿಲ್ಲ, ಗುಂಡಿಯವಳಿಗೆ ಗುಂಡಿಯೇ ಗತಿ. ನಮ್ಮ ಈಕೆ ಇಪ್ಪತ್ತೆಂಟು ವರ್ಷ ಅಂಗಿಯ ಎದೆಗೆ ಜೇಬು ಕೂರಿಸಿದವಳು. ಒಂದು ಇಡೀ ಅಂಗಿ ಹೊಲಿ ಅಂದಿದ್ದರೆ ತಬ್ಬಿಬ್ಬಾಗುತ್ತಿದ್ದಳೋ ಏನೋ, ಜೇಬನ್ನು ಮಾತ್ರ ಕಣ್ಣು ಮುಚ್ಚಿಕೊಂಡು ಹೊಲಿಯುತ್ತಿದ್ದಳು. ಎಲ್ಲರ ಬಾಯಲ್ಲೂ ಅವಳು ಜೇಬಕ್ಕ. ಗಂಡ ತೀರಿಕೊಂಡು ಬಹಳ ಕಾಲವಾಗಿತ್ತು. ಮನೆಯಲ್ಲಿ ಅವಳು ಮತ್ತು ಒಬ್ಬಳೇ ಮಗಳು.

ಜೇಬಿಗೆ ಮೂರು ಕಡೆ ಹೊಲಿಗೆ, ಮೇಲೆ ಬಾಯಿ. ಇಷ್ಟು ಯಾರಿಗೆ ಗೊತ್ತಿಲ್ಲ? ಆದರೆ ಅವಳಿಗೆ ಮೂವತ್ತನಾಲ್ಕು ತುಂಬಿದ ವರ್ಷ, ಒಂದು ಬೆಳಿಗ್ಗೆ ಹನ್ನೊಂದರ ಹೊತ್ತಿಗೆ, ಒಂದರ ಹಿಂದೊಂದು ಹದಿನೇಳು ಜೇಬುಗಳನ್ನು ನಾಲ್ಕೂ ಕಡೆ ಹೊಲಿದುಬಿಟ್ಟಳು. ಸೂಪರ್‌ವೈಸರ್ ಒಂದು ಅಂಗಿ ಎತ್ತಿ ಹಿಡಿದು, ಇದರೊಳಗೆ ಪೆನ್ನು ಇಳಿಸುವುದು ಹೇಗೆ ಎಂದು ಕೇಳಿದ. ಸಾಲಿನವರೆಲ್ಲ ಬಿದ್ದು ಬಿದ್ದು ನಕ್ಕರು. ಜೇಬಕ್ಕನೂ ನಗುತ್ತಿದ್ದಳು, ಆದರೆ ಕೆನ್ನೆಯೆಲ್ಲ ಒದ್ದೆ. ಪಾಪ, ಅವಮಾನವಾಯಿತು ಅಂದುಕೊಂಡು ಕಾಲರ್‌ನವಳು ಬೆನ್ನು ಸವರಿದಳು.

ಅವಮಾನವೂ ಇಲ್ಲ, ಮಣ್ಣೂ ಇಲ್ಲ. ಅರವತ್ತು ಮಷೀನುಗಳ ಗಲಾಟೆ ಇದ್ದಕ್ಕಿದ್ದಂತೆ ಒಂದೇ ಸದ್ದಾಗಿತ್ತು. ಬಟ್ಟೆಯ ನೀಲಿ ಕಣ್ಣು ತುಂಬಿತ್ತು. ಬಟ್ಟೆ ಎಲ್ಲಿ ಮುಗಿಯಿತು, ಬೆರಳು ಎಲ್ಲಿ ಶುರುವಾಯಿತು ಎಂದು ತಿಳಿಯದೆ, ಈ ಲೋಕದಲ್ಲಿ ಯಾವುದಕ್ಕೂ ಏನೂ ಕಡಿಮೆಯಿಲ್ಲ ಅನ್ನಿಸಿ, ಎದೆ ಒಡೆದುಹೋಗುವಷ್ಟು ಸಂತೋಷವಾಗಿತ್ತು. ಮಗಳು ಹುಟ್ಟಿದಾಗಲೂ ಅಷ್ಟು ಆಗಿರಲಿಲ್ಲ. ತಾಯಿಯಾದವಳು ಇದನ್ನು ಯಾರ ಹತ್ತಿರ ಹೇಳಿಕೊಳ್ಳುವುದು? ಬಾಯಿ ಮುಚ್ಚಿಕೊಂಡು ಊಟದ ಬಿಡುವಿನಲ್ಲಿ ಹದಿನೇಳು ಹೊಲಿಗೆ ಬಿಚ್ಚಿದಳು.

ಅಂದಿನಿಂದ ಕಾಯುವುದು ಅವಳ ಗುಟ್ಟಿನ ಕೆಲಸವಾಯಿತು. ಹನ್ನೊಂದಾಗುತ್ತಲೇ ಕೈ ನಿಧಾನ ಮಾಡಿ ನೋಡುವಳು. ಅದೇ ನೀಲಿ ಬಟ್ಟೆಯ ಆರ್ಡರ್ ಮತ್ತೆ ಬರಲಿ ಎಂದು ಹಾರೈಸುವಳು. ಕರೆದರೆ ಬರುವ ಪೈಕಿಯಲ್ಲ ಅದು. ಒಂಬತ್ತು ವರ್ಷ ಕಳೆದು, ಆಸೆಯೇ ಬಿಟ್ಟಿದ್ದ ಒಂದು ದಿನ, ನಲ್ಲಿಯ ಮುಂದೆ ನಿಂತಿದ್ದಾಗ ಬಂತು. ಕೊಡ ತುಂಬಿ ಹರಿದು, ಹಿಂದೆ ನಿಂತವರು ಬಾಯಿಗೆ ಬಂದಂತೆ ಬೈದರು. ಅದಾಗಿ ಮತ್ತೆ ಒಂಬತ್ತು ವರ್ಷ. ಮೂರನೆಯ ಸಲ ಬಂದಾಗ ಮಷೀನಿನ ಸೂಜಿ ಉಗುರಿನೊಳಗೆ ಇಳಿದಿತ್ತು. ಬಟ್ಟೆಯ ಮೇಲೆ ರಕ್ತ, ಜೇಬಕ್ಕನ ಮುಖದ ತುಂಬ ನಗು. ಈ ಸಲ ಸಾಲಿನಲ್ಲಿ ಯಾರೂ ನಗಲಿಲ್ಲ.

ಮಗಳು ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಮಾಡುವವಳು. ಅವಳಿಗೆ ಯಾವುದಕ್ಕೂ ರಿಪೋರ್ಟ್ ಬೇಕು. ಅಮ್ಮನನ್ನು ಎಳೆದುಕೊಂಡು ಹೋಗಿ, ತಲೆಗೆ ವೈರು ಹಚ್ಚಿಸಿ, ಡಾಕ್ಟರ ಮುಂದೆ ಕೂರಿಸಿದಳು. ಮೆದುಳಿನ ಒಂದು ಮೂಲೆಯಲ್ಲಿ ಕಿಡಿ ಹಾರುತ್ತದೆ, ಇದೂ ಒಂದು ಬಗೆಯ ಫಿಟ್ಸ್, ಅಪರೂಪಕ್ಕೆ ಹೀಗೆ ಸಂತೋಷವಾಗಿಯೂ ಬರುವುದುಂಟು, ದಿನಕ್ಕೆರಡು ಮಾತ್ರೆ ತಪ್ಪದೆ ನುಂಗಿದರೆ ಬರುವುದಿಲ್ಲ ಎಂದು ಅವರು ಸಮಾಧಾನವಾಗಿ ವಿವರಿಸಿದರು. ಜೇಬಕ್ಕ ಎಲ್ಲ ಕೇಳಿಸಿಕೊಂಡು, "ಬರೋದಕ್ಕೆ ಯಾವ ಮಾತ್ರೆ ಡಾಕ್ಟ್ರೇ?" ಅಂದಳು. ತಮಾಷೆ ಎಂದುಕೊಂಡು ಡಾಕ್ಟರು ನಕ್ಕರು.

ವರ್ಷ ಕಳೆದ ಮೇಲೆ, ಒಂದು ಸಲವೂ ಬಂದಿಲ್ಲ ನೋಡಿ ಎಂದು ಡಾಕ್ಟರಿಗೆ ಭಾರೀ ಖುಷಿ. ಒಂಬತ್ತು ವರ್ಷಕ್ಕೊಮ್ಮೆ ಬರುವ ನೆಂಟ ಈ ವರ್ಷ ಬರಲಿಲ್ಲವೆಂದು ಬೀಗಿದ ಹಾಗಾಯಿತು. ತನಗೀಗ ಐವತ್ತಮೂರು, ಬರುವುದಿದ್ದರೆ ಅರವತ್ತೊಂದಕ್ಕೆ, ಅಷ್ಟರಲ್ಲಿ ಮಾತ್ರೆ ದಾರಿ ಮುಚ್ಚಿಬಿಟ್ಟರೆ? ಈ ಯೋಚನೆ ಹೊಕ್ಕಿದ್ದೇ ಜೇಬಕ್ಕ ನುಂಗಿದ ಹಾಗೆ ಮಾಡಿ ಮಾತ್ರೆಗಳನ್ನು ಗುಂಡಿಯ ಡಬ್ಬಿಗೆ ಹಾಕತೊಡಗಿದಳು.

ಒಂದು ಭಾನುವಾರ ಬೆಳಿಗ್ಗೆ, ಲ್ಯಾಬಿನ ಕೋಟಿಗೆ ಗುಂಡಿ ಹುಡುಕಲು ಮಗಳು ಆ ಡಬ್ಬಿಯನ್ನು ಮೇಜಿನ ಮೇಲೆ ಸುರಿದಳು. ಗುಂಡಿಗಿಂತ ಮಾತ್ರೆಯೇ ಜಾಸ್ತಿ. ಮಗಳು ಕೂಗಾಡುತ್ತಾಳೆ ಎಂದು ಜೇಬಕ್ಕ ಕಾದಳು. ಅವಳು ಕೂಗಾಡಲಿಲ್ಲ.

"ರಸ್ತೆ ದಾಟೋವಾಗ ಬಂದ್ರೆ? ಒಲೆ ಮುಂದೆ ಬಂದ್ರೆ? ನಿನಗೇನಾದ್ರೂ ಆದ್ರೆ ನನಗಿನ್ಯಾರಮ್ಮ ಇದಾರೆ?"

ಆಗ ಜೇಬಕ್ಕ ಜೀವಮಾನದಲ್ಲಿ ಮೊದಲ ಸಲ ಎಲ್ಲವನ್ನೂ ಹೇಳಿದಳು. ಒಂದಾದ ಆ ಸದ್ದು, ಆ ನೀಲಿ, ನಲ್ಲಿಯ ನೀರು. ಅದು ಮತ್ತೆ ಬರಲಿ ಎಂದು ಜೀವ ಹೇಗೆ ಹಂಬಲಿಸುತ್ತದೆ ಎಂಬುದು. ಹೇಳುತ್ತ ಹೇಳುತ್ತ ಅವಳ ಮುಖ ಅರಳಿತು. ಮಗಳು ಕೆನ್ನೆಗೆ ಕೈಕೊಟ್ಟು ಕೊನೆಯವರೆಗೂ ಕೇಳಿದಳು. ಆಮೇಲೆ ಮೆಲ್ಲಗೆ ಕೇಳಿದಳು:

"ಅದರೊಳಗೆ ನಾನಿದ್ನಾ ಅಮ್ಮ?"

ಇದ್ದೆ ಅಂದುಬಿಡಬಹುದಿತ್ತು. ಹೆತ್ತವಳಿಗೆ ಅದೇನು ದೊಡ್ಡ ಸುಳ್ಳಲ್ಲ. ಆದರೆ ಅದೊಂದರ ವಿಷಯದಲ್ಲಿ ಸುಳ್ಳಾಡಲು ಅವಳ ನಾಲಿಗೆ ಏಳಲಿಲ್ಲ.

"ಇಲ್ಲ ಪುಟ್ಟಿ. ಅಲ್ಲಿ ನಾನೂ ಇರ್ಲಿಲ್ಲ."

ಮಗಳ ಮುಖ ಸಣ್ಣದಾಯಿತು. ತಲೆ ತಗ್ಗಿಸಿ ಮಾತ್ರೆ ಬೇರೆ, ಗುಂಡಿ ಬೇರೆ ಮಾಡುತ್ತ ಕುಳಿತಳು. ಅವಳ ಬೈತಲೆಯಲ್ಲಿ ಆಗಲೇ ಎರಡು ಬಿಳಿ ಕೂದಲು ಕಂಡವು. ಜೇಬಕ್ಕನಿಗೆ ಅರವತ್ತೊಂದಕ್ಕೆ ಬರಬಹುದಾಗಿದ್ದ ಆ ಕೆಲವು ನಿಮಿಷಗಳು ನೆನಪಾದವು. ನೀರು ಕೊಡು ಅಂದಳು. ಒಂದು ಮಾತ್ರೆ ನುಂಗಿ, ಮಗಳು ಕೇಳದಿದ್ದರೂ, ಅವಳ ಮುಂದೆ ದೊಡ್ಡದಾಗಿ ಬಾಯಿ ತೆರೆದು ತೋರಿಸಿದಳು.